ಕಂಟೋನ್ಮೆಂಟ್ ಮನೆಯ ಮೂರನೆಯ ತೊಲೆ

ಕುರುಗೋಡಿನ ಗಿಡ್ಡಮ್ಮ ಹದಿನಾರನೆಯ ವಯಸ್ಸಿಗೇ ಬಳ್ಳಾರಿಗೆ ಗಾರೆ ಬಡಿಯಲು ಬಂದವಳು. ಹೆಂಗಸರು ಸಾಲಾಗಿ ಕೂತು, ಪದ ಹೇಳುತ್ತ, ಮರದ ಕೊಡತಿಯಿಂದ ಸುಣ್ಣದ ತಾರಸಿಯನ್ನು ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಸಿಮೆಂಟು ಬಂದ ಮೇಲೆ ಉಳಿದವರು ಕೊಡತಿ ಬಿಟ್ಟರು. ಅರವತ್ತು ದಾಟಿದರೂ ಬಿಡದವಳು ಇವಳೊಬ್ಬಳೇ.

ಅವಳನ್ನು ಕರೆಸಿದವರು ಡಾಕ್ಟರ್ ಶಾಂಭವಿ. ಕಂಟೋನ್ಮೆಂಟಿನ ಅವರ ಮನೆಯನ್ನು ಬ್ರಿಟಿಷರ ಪಲ್ಟಣದ ಅಧಿಕಾರಿಯೊಬ್ಬ ಕಟ್ಟಿಸಿದ್ದ. ಶಾಂಭವಿಯ ಮುತ್ತಜ್ಜ ಕೊಂಡಿದ್ದರು. ಎರಡು ಅಂತಸ್ತು, ನಟ್ಟನಡುವೆ ಬಾಗಿಲು, ಅದರ ಮೇಲೆ ಅರ್ಧಚಂದ್ರದ ಗಾಜು, ಎಡಬಲಕ್ಕೆ ಅಳೆದಿಟ್ಟಂತೆ ಎರಡೆರಡು ಉದ್ದ ಕಿಟಕಿ. ತೇಗದ ತೊಲೆಗಳ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಗಾರೆ. ಮೇಲಂತಸ್ತು ಆಸ್ಪತ್ರೆಯಾಗುವುದಿತ್ತು. ಗಿಡ್ಡಮ್ಮ ಬಂದ ಮರುದಿನವೇ ಮೇಲಿನ ಕೋಣೆಗೆ ಎಕ್ಸ್‌ರೇ ಯಂತ್ರ ಬರುವುದಿತ್ತು.

ಗಿಡ್ಡಮ್ಮನ ಕೆಲಸ ಆ ಕೋಣೆಯ ನೆಲದ ಬಿರುಕು ಮುಚ್ಚುವುದಷ್ಟೆ. ಕೊಡತಿಯಿಂದ ತಟ್ಟುತ್ತ ಹೋದವಳಿಗೆ ಗೋಡೆಯ ಹತ್ತಿರ, ಮೂರನೆಯ ತೊಲೆಯ ಮೇಲೆ, ಸದ್ದು ಬದಲಾಯಿತು. ಒಡೆದ ಮಡಕೆಯ ಸದ್ದು.

“ತೊಲಿ ತುದಿ ಹೋಗೈತಿ ಅನಸ್ತೈತ್ರಿ,” ಎಂದಳು ಗುತ್ತಿಗೆದಾರ ಶಶಿಕಾಂತನಿಗೆ.

“ಏ ಯಮ್ಮಾ, ನೂರೈವತ್ತು ವರ್ಷ ನಿಂತ ಮನಿ ಇದು. ಬಿರುಕು ಮುಚ್ಚಿ ಹೋಗು.”

ಮುಚ್ಚಿ ಊರಿಗೆ ಹೋದಳು. ಅನ್ನ ಸೇರಲಿಲ್ಲ. ತನ್ನ ಕಿವಿಗೇ ವಯಸ್ಸಾಯಿತೋ? ತಪ್ಪಾದರೆ ಇನ್ನು ಯಾರು ಕರೆದಾರು? ಆದರೆ ಆ ಕೋಣೆಯ ಕೆಳಗೇ ಡಾಕ್ಟರ ತಾಯಿ ಗುರುಬಸಮ್ಮ ಮಲಗುತ್ತಿದ್ದರು.

ಬೆಳಿಗ್ಗೆ ಮೊದಲ ಬಸ್ಸು ಹತ್ತಿದಳು. ಬಸ್ಸು ನಿಂತಲ್ಲೆಲ್ಲ ಜೀವ ಚಡಪಡಿಸಿತು. ಬಂದು ನೋಡಿದರೆ ಆರು ಮಂದಿ ಯಂತ್ರವನ್ನು ಅರ್ಧ ಮೆಟ್ಟಿಲು ಏರಿಸಿದ್ದರು. ಗಿಡ್ಡಮ್ಮ ನೇರ ಒಳಗೆ ಹೋಗಿ ಗುರುಬಸಮ್ಮನ ಕೈ ಹಿಡಿದಳು.

“ಎದ್ದೇಳ್ರಿ ಅಮ್ಮಾರ, ಹೊರಗ ಬರ್ರಿ!”

ಶಾಂಭವಿ ಓಡಿ ಬಂದರು. “ಏನಾತು ಗಿಡ್ಡಮ್ಮ?”

“ಮೂರನೇ ತೊಲಿ ಸೇರಿದ ಕಡೆ ಗ್ವಾಡಿ ಒಂದೀಟು ಬಿಚ್ಚಿಸಿ ನೋಡ್ರಿ ಡಾಕ್ಟ್ರಮ್ಮ. ಸುಳ್ಳಾದ್ರ ನಾ ಮತ್ತ ಕೊಡತಿ ಮುಟ್ಟಂಗಿಲ್ಲ.”

ಶಶಿಕಾಂತ ಗೊಣಗಿದ. ಶಾಂಭವಿ ಒಂದು ಕ್ಷಣ ಗಿಡ್ಡಮ್ಮನ ಮುಖ ನೋಡಿ, ಯಂತ್ರವನ್ನು ಕೆಳಗಿಳಿಸಿ ಗೋಡೆ ಬಿಚ್ಚಿಸಿದರು. ಉಳಿ ತೊಲೆಯೊಳಗೆ ತೌಡಿಗೆ ಇಳಿದಂತೆ ಇಳಿಯಿತು. ಗೋಡೆಯೊಳಗಿನ ತುದಿಯನ್ನು ಗೆದ್ದಲು ಪೂರ್ತಿ ತಿಂದಿತ್ತು. ಎಲ್ಲರನ್ನೂ ಹೊರಗೆ ಕಳಿಸಿ, ಆಸರೆಗೆ ಸರ್ವೆ ಮರದ ಕಂಬ ತರುವಷ್ಟರಲ್ಲಿ ತೊಲೆ ಜಾರಿತು. ಇಟ್ಟಿಗೆ, ಗಾರೆ, ಧೂಳು ಖಾಲಿ ಮಂಚದ ಮೇಲೆ ಸುರಿದವು.

ಗಿಡ್ಡಮ್ಮ ಅಂಗಳದಲ್ಲೇ ಕುಸಿದು ಕೂತಳು. ಗುರುಬಸಮ್ಮ ಪಕ್ಕದಲ್ಲಿ ನೆಲದ ಮೇಲೇ ಕೂತು ಅವಳ ಬೆನ್ನು ಸವರಿದರು. ಶಶಿಕಾಂತ ಒಂದು ಚೊಂಬು ನೀರು ತಂದುಕೊಟ್ಟ.

ಆಸ್ಪತ್ರೆ ನಾಲ್ಕು ತಿಂಗಳು ತಡವಾಗಿ ತೆರೆಯಿತು. ಅಷ್ಟರಲ್ಲಿ ಗಿಡ್ಡಮ್ಮ ಮನೆಯ ಒಂದೊಂದೇ ಕೋಣೆ ತಟ್ಟಿ, ಗೆದ್ದಲು ತಿಂದ ತೊಲೆ ಇನ್ನೆರಡು ತೋರಿಸಿದಳು.