ಬೀದರ್ ತಂಡದ ಬೆಂಚಿನಲ್ಲಿ

ಭಾಲ್ಕಿಯ ಮಹಿಳಾ ಕಬಡ್ಡಿ ತಂಡಕ್ಕೆ ಆರು ವರ್ಷ ಮ್ಯಾನೇಜರ್ ಆಗಿದ್ದವಳು ನಾನು. ಬೀದರ್ ತಂಡಕ್ಕೆ ಹೊರಟಾಗ ಜನ ಆಡಿಕೊಳ್ಳದೆ ಬಿಡಲಿಲ್ಲ. ಎರಡೂ ತಂಡಗಳದು ಹಾವು ಮುಂಗುಸಿ ಸಂಬಂಧ. ಅಲ್ಲಿ ಒಳ್ಳೆಯ ಮ್ಯಾಟ್ ಇತ್ತು, ತಂಡವೂ ದೊಡ್ಡದು, ನನಗೂ ಆಸೆ ಇತ್ತು. ಮುಚ್ಚಿಡುವುದೇನು?

ಹೊರಡುವ ದಿನ ಆಟಗಾರ್ತಿಯರ ಗಾಯಗಳನ್ನೆಲ್ಲ ಬರೆದಿಟ್ಟಿದ್ದ ಪುಸ್ತಕವನ್ನು ನಾಯಕಿಯ ಕೈಗಿತ್ತೆ. ವಾಟ್ಸಾಪ್ ಗುಂಪಿನಿಂದ ನಾನೇ ಹೊರಬಿದ್ದೆ. "ಸನ್ನಿ ಎಲ್ಲಾ ಬದಲಿ ಮಾಡ್ಕೋರಿ," ಎಂದೆ. ಕೈ ಕೈ ಹಿಡಿದು ನಿಂತವರು ಎದುರಾಳಿಯನ್ನು ಯಾವಾಗ ಹಿಡಿಯಬೇಕೆಂದು ಒಬ್ಬರಿಗೊಬ್ಬರು ಗುಟ್ಟಾಗಿ ತಿಳಿಸುವ ಸನ್ನೆಗಳವು. ಮುಕ್ಕಾಲು ಪಾಲು ನಾನೇ ಕೂತು ಜೋಡಿಸಿದ್ದು. ನಾಯಕಿ ಮುಖ ಊದಿಸಿಕೊಂಡೇ "ಆಯ್ತ್ರಿ ಅಕ್ಕಾ" ಎಂದಳು.

ಬೀದರಿನಲ್ಲಿ ತಂಡದ ಅಧ್ಯಕ್ಷರು ಮೊದಲ ವಾರವೇ ಚಹಾ ತರಿಸಿ ಕೇಳಿದರು. "ಭಾಲ್ಕಿಯವರ ಒಳಗಿಂದು ಜರಾ ಹೇಳ್ರಿ ಮೇಡಂ. ಯಾರ ಮೊಣಕಾಲ್ ಸರಿ ಇಲ್ಲ? ಸನ್ನಿ ಏನೇನವ?"

"ಅದು ಅವರದ್ರಿ. ಅಲ್ಲೇ ಬಿಟ್ಟು ಬಂದೀನಿ."

"ಹಂಗಾದ್ರ ನಿಮಗ ಯಾಕ ಕರ್ಕೊಂಡ್ ಬಂದೀವಿ?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ತಂಡ ಕಟ್ಲಿಕ್ಕ ಕರ್ದೀರಿ. ಚಾಡಿ ಹೇಳ್ಲಿಕ್ಕ ಅಲ್ರಿ," ಎಂದು ಚಹಾ ಹಾಗೇ ಬಿಟ್ಟು ಎದ್ದೆ.

ಅಧ್ಯಕ್ಷರ ಮುನಿಸನ್ನಾದರೂ ತಾಳಿಕೊಂಡೇನು, ಹುಡುಗಿಯರ ಮೌನ ನನ್ನನ್ನು ಕೊರೆಯುತ್ತಿತ್ತು. ಎಲ್ಲಿ ನೋವು ಎಂದು ಯಾರನ್ನು ಕೇಳಿದರೂ "ಏನೂ ಇಲ್ರಿ ಮೇಡಂ". ಇಂದು ಹೇಳಿದ್ದನ್ನು ನಾಳೆ ಇನ್ನೊಂದು ತಂಡಕ್ಕೆ ಹೊತ್ತೊಯ್ಯುವವಳು ಇವಳು ಎಂಬ ಗುಮಾನಿ. ನೋವು ಗೊತ್ತಿಲ್ಲದೆ ಯಾರನ್ನು ಆಡಿಸಲಿ, ಯಾರನ್ನು ಕೂರಿಸಲಿ? ಇವರು ನಂಬದಿದ್ದರೆ ಕೆಲಸ ಬಿಡುವುದೇ ಸರಿ ಎಂದುಕೊಂಡಿದ್ದೆ.

ಔರಾದಿನ ಪಂದ್ಯಾವಳಿಯಲ್ಲಿ ಭಾಲ್ಕಿಯೇ ಎದುರಾಯಿತು. ಕೊನೆಯ ನಿಮಿಷಗಳು. ನಮ್ಮ ಮುಖ್ಯ ರೈಡರ್ ಅವರ ಅಂಕಣಕ್ಕೆ ನುಗ್ಗಿದಳು. ಭಾಲ್ಕಿಯ ನಾಯಕಿ ಪಕ್ಕದವಳ ಮುಂಗೈಯನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು. ನಾನು ಬೆಂಚಿನಿಂದ ಅರ್ಧ ಎದ್ದೆ. ಈಗ ಹಿಡಿ ಎನ್ನುವ ಅದೇ ಹಳೆಯ ಸನ್ನೆ! ಒಂದನ್ನೂ ಬದಲಿಸಿರಲಿಲ್ಲ, ಸೋಮಾರಿಗಳು. "ಹಿಂದಕ್ಕ ಬಾ" ಎಂದು ಒಮ್ಮೆ ಕೂಗಿದ್ದರೆ ಸಾಕಿತ್ತು.

ಅಧ್ಯಕ್ಷರು ನನ್ನ ಮುಖ ನೋಡಿದರು. "ನಿಮಗ ಏನೋ ಗೊತ್ತಾಗ್ಯಾದ!"

"ಗೊತ್ತಾಗ್ಯಾದ್ರಿ. ಹೇಳಂಗಿಲ್ಲ."

ಬೆಂಚಿನಲ್ಲಿದ್ದ ಹುಡುಗಿಯರೆಲ್ಲ ತಿರುಗಿದರು. ಅಷ್ಟರಲ್ಲಿ ನಮ್ಮ ರೈಡರನ್ನು ನಾಲ್ಕು ಜನ ಹಿಡಿದು ಕೆಡವಿಯಾಗಿತ್ತು. ಎರಡು ಅಂಕದಿಂದ ಸೋತೆವು.

ಬೀದರಿಗೆ ಮರಳುವ ಬಸ್ಸಿನಲ್ಲಿ ಅಧ್ಯಕ್ಷರು ಮುಂದಿನ ಸೀಟಿನಿಂದ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನನ್ನ ಕಥೆ ಮುಗಿಯಿತೆಂದೇ ತಿಳಿದೆ. ಜನವಾಡ ಹತ್ತಿರ ಬಂದಾಗ ಆ ರೈಡರ್ ಎದ್ದು ಬಂದು ಪಕ್ಕದಲ್ಲಿ ಕೂತಳು. ಬೆಂಚಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಬೈಯಲಿ, ಅವಳಿಗೆ ಹಕ್ಕಿದೆ ಎಂದು ಕಾದೆ. ಅವಳು ಟ್ರ್ಯಾಕ್ ಪ್ಯಾಂಟನ್ನು ಮೇಲೆ ಸರಿಸಿದಳು. ಮೊಣಕಾಲು ಊದಿ ಬಿಗಿದುಕೊಂಡಿತ್ತು.

"ಎರಡ್ ತಿಂಗಳಾತ್ರಿ ಅಕ್ಕಾ. ಮನ್ಯಾಗೂ ಹೇಳಿಲ್ಲ."

ಸಂತೋಷಕ್ಕೋ ಸಂಕಟಕ್ಕೋ, ಕಣ್ಣು ತುಂಬಿ ಬಂತು. ಆದರೂ ಬಾಯಿಗೆ ಬಂದದ್ದು ಬೈಗುಳವೇ. "ಎರಡ್ ತಿಂಗಳಾ? ಬುದ್ಧಿ ಅದನ ನಿನಗ? ನಾಳಿ ಮುಂಜಾನಿ ಡಾಕ್ಟರ್ ಕಡಿ ಹೋಗೋಣ, ನಡಿ."

ಅವಳು ಏಳುವ ಮೊದಲೇ ಇನ್ನೊಬ್ಬಳು ನೋಯುವ ಭುಜವನ್ನು ಹಿಡಿದುಕೊಂಡು, ಬಸ್ಸಿನ ಕಂಬಿಗೆ ಒರಗಿ, ತನ್ನ ಸರದಿ ಕಾಯುತ್ತ ನಿಂತಿದ್ದಳು.