ಸೀಸದ ಮಣ್ಣು

ನಮ್ಮ ಫ್ಲ್ಯಾಟುಗಳ ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯೊಂದಿತ್ತು. ಅದು ಮುಚ್ಚಿಹೋಗಿ, ಶೆಡ್ಡುಗಳನ್ನೂ ಕಳಚಿದ ಮೇಲೆ ಜಾಗ ಖಾಲಿ ಬಿದ್ದಿತ್ತು. ಕಾರ್ಖಾನೆಗಳ ಊರಾದ ಮಣಲಿ ಕಡೆಯಿಂದ ಗಾಳಿ ಬೀಸಿದರೆ ಅಲ್ಲಿನ ಕಪ್ಪು ಧೂಳು ನಮ್ಮ ಒಗೆದ ಬಟ್ಟೆಗಳ ಮೇಲೆ ಬಂದು ಕೂರುತ್ತಿತ್ತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಸರ್ಕಾರ ಆ ಜಾಗವನ್ನು ಸುತ್ತಲಿನ ಜನರಿಗೆಲ್ಲ ಪಾರ್ಕಾಗಲಿ ಎಂದು ಬಿಟ್ಟುಕೊಟ್ಟಿತು. ನೋಡಿಕೊಳ್ಳುವ ಹೊಣೆ ನಮ್ಮ ಫ್ಲ್ಯಾಟಿನವರ ಸಂಘದ್ದು. ಹುಲ್ಲು ಹಾಸಿ ಉಯ್ಯಾಲೆ ನೆಟ್ಟರೆ ಮುಗಿಯಿತು ಅಂದುಕೊಂಡರು.

ನಾನು ನುಂಗಂಬಾಕ್ಕಂ ಕಡೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಆ ಮಣ್ಣನ್ನು ಆಸಿಡ್ಡಿನಲ್ಲಿ ಕಲಕಿ, ಸೋಸಿ, ಸಂಘದ ಸಭೆಗೆ ಒಯ್ದು ಎಲ್ಲರೆದುರು ಅಯೋಡೈಡಿನ ಹನಿ ಬಿಟ್ಟೆ. ತಿಳಿನೀರು ಗಾಢ ಹಳದಿಗೆ ತಿರುಗಿತು.

ಸಂಘದ ಅಧ್ಯಕ್ಷರು ಅಜ್ಜನ ಕಾಲಕ್ಕೇ ಮೈಲಾಪೂರಿಗೆ ಬಂದು ನೆಲೆಸಿದ ಮಾಧ್ವ ಮನೆತನದವರು. ಕನ್ನಡದಲ್ಲೇ ಗದರಿದರು. “ಏನ್ಮಾ ಇದು, ಅರಿಶಿನದ ನೀರು ತೋರ್ಸಿ ಭಯ ಪಡಿಸ್ತೀಯಾ? ನಮ್ಮವಳಾಗಿದ್ದು ನೀನೇ ಪ್ರಚ್ನೆ, ರಗಳೆ ಮಾಡಿದ್ರೆ ಮಿಕ್ಕವರು ಏನಂದ್ಕೋತಾರೆ?”

“ಅರಿಶಿನ ಅಲ್ಲ ಮಾಮಾ, ಸೀಸ. ಮಕ್ಕಳು ಆಡಿದ ಕೈಯಲ್ಲೇ ತಿಂಡಿ ತಿಂತಾವೆ. ಅದು ಅವುಗಳ ತಲೆ ಕೆಡಿಸತ್ತೆ. ಮೇಲಿನ ಮಣ್ಣು ತೆಗೀದೆ ಹುಲ್ಲು ಹಾಕ್ಬಾರದು.”

ಸುದ್ದಿ ಹಬ್ಬಿದರೆ ಈ ಫ್ಲ್ಯಾಟುಗಳನ್ನು ಯಾರು ಕೊಳ್ಳುತ್ತಾರೆಂದು ಹಿಂದಿನ ಸಾಲಿನಿಂದ ತಮಿಳಿನಲ್ಲಿ ಕೂಗಾಟ ಎದ್ದಿತು. ಯಾರೋ ನನ್ನ ಕೈಲಿದ್ದ ಗಾಜಿನ ನಳಿಕೆ ಕಿತ್ತುಕೊಂಡು ಸಿಂಕಿಗೆ ಸುರಿದರು.

ಅಂದಿನಿಂದ ಮೆಟ್ಟಿಲ ಮೇಲೆ ಎದುರಾದವರು ಗೋಡೆ ನೋಡುತ್ತ ಇಳಿದರು. ಬೀದಿಯ ಮೂಲೆಯಲ್ಲಿದ್ದ ನನ್ನ ಗಂಡನ ಹೋಟೆಲಿಗೂ ಬರುವುದನ್ನು ಬಿಟ್ಟರು.

“ನಿಂಗೆಂತಕ್ಕೆ ಬೇಕಿತ್ತು ಮಾರಾಯ್ತಿ? ಬೆಳಿಗ್ಗೆ ಬೇಯಿಸಿದ ಇಡ್ಲಿ ಹಾಗೇ ಉಂಟು,” ಎಂದರು ಗಂಡ.

“ನಮ್ಮ ಮಗಳೂ ಅಲ್ಲೇ ಆಡೋದಲ್ವಾ?” ಎಂದೆ.

ಮಾಲಿನ್ಯ ನೋಡಿಕೊಳ್ಳುವ ಕಚೇರಿಗೆ ಹೋಗಿ ಕೂತೆ. ಎದ್ದು ಹೋಗೆಂದರೂ ಏಳಲಿಲ್ಲ. ಕೊನೆಗೆ ಒಬ್ಬ ಅಧಿಕಾರಿ ಬಂದು ಪರೀಕ್ಷೆ ಮಾಡಿಸಿದ. ಮೇಲ್ಮಣ್ಣು ತೆಗೆಯಲೇಬೇಕೆಂದು ಆದೇಶವಾಯಿತು. ಸಂಘ ಗೊತ್ತುಮಾಡಿದ ಕಾಂಟ್ರಾಕ್ಟರನ ಲಾರಿಗಳು ಬಂದವು. ಮಣ್ಣು ಎಲ್ಲಿಗೆ ಹೋಗುತ್ತದೆಂದು ಅಧ್ಯಕ್ಷರನ್ನು ಕೇಳಿದೆ.

“ಅದು ಕಾಂಟ್ರಾಕ್ಟರ್ ತಲೆನೋವು. ನೀನು ಅಂದ್ಕೊಂಡಿದ್ದು ಆಯ್ತಲ್ಲ, ಸುಮ್ನಿರು.”

ಮಣ್ಣು ಹೋದದ್ದು ಸ್ವಲ್ಪ ದೂರದ ಕಾಲುವೆಯ ದಡಕ್ಕೆ. ಅಲ್ಲಿನ ಗುಡಿಸಲುಗಳ ಪಕ್ಕದಲ್ಲೇ ಸುರಿದಿದ್ದರು. ಅದನ್ನು ನೆಕ್ಕಿದ ಆಡುಗಳು ಸತ್ತವು. ಅಲ್ಲಿನ ಹೆಂಗಸರು ಲಾರಿಯನ್ನು ಅಡ್ಡಗಟ್ಟಿ, ಡ್ರೈವರನ ಬಾಯಿಂದ ನಮ್ಮ ವಿಳಾಸ ಹೊರಡಿಸಿದರು.

ಒಂದು ಭಾನುವಾರ ಬೆಳಿಗ್ಗೆ ಅವರು ಮೀನಿನ ತಳ್ಳುಗಾಡಿಗಳಲ್ಲಿ, ತಲೆಯ ಮೇಲಿನ ಬುಟ್ಟಿಗಳಲ್ಲಿ ಆ ಮಣ್ಣನ್ನು ಹೊತ್ತು ತಂದು ಅಧ್ಯಕ್ಷರ ಬ್ಲಾಕಿನ ಕೆಳಬಾಗಿಲ ರಂಗೋಲಿಯ ಮೇಲೆ ಸುರಿದರು. “ಉಂಗ ವಿಷಂ, ನೀಂಗಳೇ ವೆಚ್ಚುಕ್ಕೋಂಗ!” ಎಂದು ಮುಂದಿದ್ದ ಎತ್ತರದ ಹೆಂಗಸು ಅರಚಿದಳು. ನಿಮ್ಮ ವಿಷ ನೀವೇ ಇಟ್ಟುಕೊಳ್ಳಿ.

ಅಧ್ಯಕ್ಷರು ಬಾಲ್ಕನಿಯಿಂದ “ಪೊಲೀಸ್ ಕರೀತೀನಿ!” ಎಂದು ಕೂಗಿದರು.

“ಕರೀರಿ ಮಾಮಾ,” ಎಂದೆ ಕೆಳಗಿನಿಂದ. “ಈ ಮಣ್ಣು ಯಾರದು ಅಂತ ಅವರಿಗೆ ನಾನೇ ಹೇಳ್ತೀನಿ.”

ಅವರು ಕರೆಯಲಿಲ್ಲ. ಕೈ ತೊಳೆದುಕೊಳ್ಳಿ ಎಂದು ಹೆಂಗಸರಿಗೆ ಹೇಳಹೋದರೆ ಆ ಎತ್ತರದವಳು ನನ್ನ ಮೇಲೂ ತಮಿಳಿನಲ್ಲೇ ಹರಿಹಾಯ್ದಳು. “ಬುದ್ಧಿ ಹೇಳೋಕೆ ಬಂದಳು ನೋಡು! ಲಾರಿ ಹೊರಟಾಗ ಎಲ್ಲಿದ್ದೆ?” ಅಷ್ಟರಲ್ಲಿ ನನ್ನ ಗಂಡ ಹೋಟೆಲಿನಿಂದ ಸೋಪು, ಎರಡು ಡ್ರಮ್ಮು ನೀರು ತರಿಸಿ ಇಟ್ಟರು. ಅವಳು ಮೊಳಕೈವರೆಗೂ ತೊಳೆದುಕೊಂಡು, ಉಳಿದ ನೀರನ್ನು ಅಧ್ಯಕ್ಷರ ಕಾರಿಗೆ ಎರಚಿ ಹೋದಳು.

ಬಾಗಿಲಿಗೇ ಬಂದ ಮಣ್ಣನ್ನು ಇಲ್ಲವೆನ್ನುವಂತಿರಲಿಲ್ಲ. ಅಧಿಕಾರಿ ಮತ್ತೆ ಬಂದ. ಕಾಲುವೆಯ ದಡವನ್ನು ಕೆರೆಸಿ, ಎಲ್ಲವನ್ನೂ ನಮ್ಮ ಜಾಗದ ಮೂಲೆಯಲ್ಲೇ ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಹೂಳಿಸಿ, ಮೇಲೆ ಕಾಂಕ್ರೀಟು ಹಾಕಿಸಿದ. ಅದು ಶಟಲ್ ಆಡುವ ಅಂಗಳವಾಯಿತು. ಉಳಿದಲ್ಲಿ ಹೊಸ ಕೆಮ್ಮಣ್ಣು ತುಂಬಿ ಹುಲ್ಲು ಹಾಸಿದರು. ಸತ್ತ ಆಡುಗಳ ಮಾತನ್ನು ಯಾರೂ ಎತ್ತಲಿಲ್ಲ.

ಉದ್ಘಾಟನೆಗೆ ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ಮಗಳ ಕೈ ಹಿಡಿದು ಹೋದೆ. ಗೇಟಿನಲ್ಲಿ ಆ ಎತ್ತರದ ಹೆಂಗಸು ತನ್ನ ಇಬ್ಬರು ಮಕ್ಕಳೊಡನೆ ನಿಂತಿದ್ದಳು. ಸಂಘದವರಿಗೆ ಮಾತ್ರ ಎಂದು ವಾಚ್‌ಮನ್ ಅಡ್ಡ ಹಾಕಿದ್ದ.

“ಸರ್ಕಾರ ಎಲ್ಲರಿಗೂ ಅಂತ ಕೊಟ್ಟ ಜಾಗ, ಒಳಗೆ ಬಿಡು,” ಎಂದೆ.

“ನೀನ್ಯಾರು ನಂಗೋಸ್ಕರ ಕೇಳೋಕೆ?” ಎಂದು ಅವಳು ನನ್ನತ್ತ ಸಿಡುಕಿ, ಗೇಟನ್ನು ಭುಜದಿಂದ ನೂಕಿ ಒಳಗೆ ಹೋದಳು. ಮಕ್ಕಳನ್ನು ಉಯ್ಯಾಲೆಯಲ್ಲಿ ಕೂರಿಸಿದಳು. ಅಧ್ಯಕ್ಷರು ಮೈಕಿನಲ್ಲೇ “ಇಳಿಸಿ, ಇಳಿಸಿ!” ಎಂದು ಅಬ್ಬರಿಸಿದರು. ಅವಳು ಅವರತ್ತ ತಿರುಗಿಯೂ ನೋಡದೆ ಉಯ್ಯಾಲೆಯನ್ನು ಇನ್ನೂ ಜೋರಾಗಿ ತೂಗಿದಳು.