ಎತ್ತು ಉಳದ ಕಾಳು

ಅಕ್ಕನ ಬಲಗಿವಿಯ ಮೇಲೆ ಸದಾ ಒಂದು ಬ್ರಶ್ಶು ಇರುತ್ತಿತ್ತು. ಶಾಲೆಯ ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುತ್ತಾರಲ್ಲ, ಅಂಥದು. ತುದಿ ಮಾತ್ರ ಹುಬ್ಬಿನ ಕೂದಲಿನಷ್ಟು ತೆಳು. ತೆಗೆದಿಡುವುದನ್ನು ಮರೆತು ಹಾಗೆಯೇ ಬಸ್ಸು ಹತ್ತಿ ಬರುತ್ತಿದ್ದಳು, ಹಾಗೆಯೇ ಗಣಪತಿ ಗುಡಿಗೂ ಹೋಗುತ್ತಿದ್ದಳು. ಬೆರಳ ತುದಿಗಳು ಕಪ್ಪು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಇದ್ದಲಿ ಹೋಗುತ್ತಿರಲಿಲ್ಲ. ನಾಗಪುರದ ಧರಮಪೇಠದಲ್ಲಿ ನಮ್ಮ ಓಣಿಯಲ್ಲಿದ್ದ ಕನ್ನಡದ ಹೆಂಗಸೊಬ್ಬರು ಒಮ್ಮೆ ಕೇಳಿಯೇ ಬಿಟ್ಟರು: "ಏನವಾ, ಇದ್ದಲಿ ಅಂಗಡಿ ಇಟ್ಟೀಯೇನು?"

"ಹೂಂ ರೀ. ಆದ್ರ ಮಾಲು ಭಾಳ ಹಳೇದು. ಮೂರು ಸಾವಿರ ವರ್ಷದ್ದು," ಎಂದಳು ಅಕ್ಕ.

ಸುಳ್ಳಲ್ಲ. ಸಿವಿಲ್ ಲೈನ್ಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಅವಳಿಗೆ ಕೆಲಸ. ಹಳೆಯ ಊರುಗಳನ್ನು ಅಗೆಯುವವರು ಮೂಟೆಗಟ್ಟಲೆ ಮಣ್ಣು ತಂದು ಹಾಕುತ್ತಿದ್ದರು. ಅದನ್ನು ನೀರಿನ ಡ್ರಮ್ಮಿಗೆ ಸುರಿದರೆ ಮಣ್ಣು ತಳಕ್ಕೆ ಹೋಗುತ್ತದೆ, ಎಂದೋ ಒಲೆಯ ಪಕ್ಕ ಚೆಲ್ಲಿ ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಬ್ರಶ್ಶಿನ ತುದಿಯಿಂದ ಒಂದೊಂದೇ ಆರಿಸುವುದು ಅವಳ ಕೆಲಸ. ನಾನು ಆಡಿಕೊಳ್ಳುತ್ತಿದ್ದೆ: "ನಾನೂ ದಿನಾ ಅಕ್ಕಿ ಆರಸ್ತೀನಿ. ನನ್ನ ಯಾರೂ ಬಾಯೀ ಅಂತ ಕರದು ಖುರ್ಚಿ ಹಾಕಂಗಿಲ್ಲ."

ತಮಾಷೆಯ ಒಳಗೆ ಹೊಟ್ಟೆಕಿಚ್ಚಿತ್ತು. ಅಪ್ಪ ರೈಲ್ವೆಯವರು, ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ನಾಗಪುರಕ್ಕೆ ಬಂದವರು. ನಾನು ಏಳನೆಯ ತರಗತಿಯಲ್ಲಿದ್ದಾಗ ತೀರಿಕೊಂಡರು. ಅವ್ವನಿಗೆ ದಮ್ಮು. ಇಬ್ಬರಲ್ಲಿ ಒಬ್ಬಳು ಮನೆಯಲ್ಲಿರಬೇಕಾಯಿತು. ಕಾಲೇಜಿನಲ್ಲಿದ್ದವಳನ್ನು ಬಿಡಿಸುವುದಕ್ಕಿಂತ ಮರಾಠಿ ಶಾಲೆಯಲ್ಲಿ ಹೇಗೋ ಪಾಸಾಗುತ್ತಿದ್ದವಳನ್ನು ಬಿಡಿಸುವುದು ಸುಲಭವಾಗಿತ್ತು. ಅದು ನ್ಯಾಯವೇ. ಆದರೆ ನ್ಯಾಯವೆಂದು ಗೊತ್ತಿದ್ದರೂ ನನ್ನ ಮನಸ್ಸು ಒಪ್ಪಿರಲಿಲ್ಲ.

ಅಕ್ಕನಿಗೆ ಅದು ತಿಳಿದಿತ್ತೆಂದು ಕಾಣುತ್ತದೆ. ನನಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಅವಳೇ ಕಲಿಸಿದಳು. ಮಧ್ಯಾಹ್ನದ ಬಿಸಿಗೆ ಕಾದ ಅಡುಗೆಮನೆಯ ಫರಸಿಕಲ್ಲಿನ ನೆಲದ ಮೇಲೆ ಬ್ರಶ್ಶನ್ನು ನೀರಿನಲ್ಲಿ ಅದ್ದಿ ಬರೆಯುವಳು. ಆಟದ ನಿಯಮ ಒಂದೇ: "ಒಣಗೂದರೊಳಗ ಓದಬೇಕು." ನಾಗಪುರದ ಬೇಸಗೆಯಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಮೊದಮೊದಲು ಒಂದಕ್ಷರ ಓದುವಷ್ಟರಲ್ಲಿ ಪದವೇ ಆರಿಹೋಗುತ್ತಿತ್ತು. ಎರಡು ಬೇಸಗೆ ಕಳೆಯುವಷ್ಟರಲ್ಲಿ ಇಡೀ ಸಾಲು ಓದುತ್ತಿದ್ದೆ. ಸೋತದ್ದು ತಾನೇ ಎಂಬಂತೆ ಅವಳು ಬ್ರಶ್ಶನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುವಳು.

ಒಂದು ಭಾನುವಾರ ಕಚೇರಿಯ ಭೂತಗನ್ನಡಿ ತಂದು ನನಗೆ ಎರಡು ಕಾಳು ತೋರಿಸಿದಳು. "ಕಾಳಿಗೂ ಹೊಕ್ಕಳ ಇರ್ತದ, ನೋಡು. ತೆನಿಗೆ ಅಂಟಿದ್ದ ಜಾಗಾ." ಒಂದರದು ನುಣ್ಣಗಿತ್ತು, ಇನ್ನೊಂದರದು ಹರಿದಂತೆ ಒರಟಾಗಿತ್ತು. ನುಣ್ಣಗಿದ್ದದ್ದು ಕಾಡಿನ ಭತ್ತ: ಹಣ್ಣಾದೊಡನೆ ತಾನೇ ಉದುರಿ ನೆಲ ಸೇರುತ್ತದೆ. ಒರಟಾದದ್ದು ಹೊಲದ್ದು: ತಾನಾಗಿ ಉದುರುವುದಿಲ್ಲ, ಮನುಷ್ಯ ಬಡಿದು ಬಿಡಿಸಬೇಕು. ಒಂದು ಕಾಲಕ್ಕೆ ಇದ್ದದ್ದೆಲ್ಲ ಮೊದಲನೆಯ ಬಗೆಯದೇ ಅಂತೆ. ಜನ ಬುಟ್ಟಿ ಹಿಡಿದು ಹೋಗಿ ಉದುರಿದಷ್ಟು ತರುತ್ತಿದ್ದರು. ಎಂದೋ ಯಾರೋ ಕುಡುಗೋಲಿನಿಂದ ತೆನೆ ಕೊಯ್ದರು. ಉದುರುವ ಕಾಳು ದಾರಿಯಲ್ಲೇ ಉದುರಿತು, ಉದುರದ್ದು ಮನೆಗೆ ಬಂತು, ಮರುವರ್ಷ ಅದನ್ನೇ ಬಿತ್ತಿದರು. ಹೀಗೇ ನೂರಾರು ವರ್ಷ. "ಯಾರೂ ಹಿಂಗ ಮಾಡೋಣು ಅಂತ ಕೂತು ಮಾಡಿದ್ದಲ್ಲ. ತಾನ ಉದುರೋದು ಕಾಡಿಂದು, ಕೈಗೆ ಕಾಯೋದು ಮನೀದು," ಎನ್ನುವಳು. ಈ ಮಾತು ಅವಳ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು.

ಅದನ್ನು ಕಣ್ಣಾರೆ ಕಾಣುವ ಹುಚ್ಚು ಅವಳಿಗೆ ಹತ್ತಿತು. ಕನ್ಹಾನ್ ಹೊಳೆಯ ಆಚೆಯ ಒಂದು ಕೆರೆಯಲ್ಲಿ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕಾಡುಭತ್ತವನ್ನು ಬುಟ್ಟಿಗೆ ಬಡಿದುಕೊಳ್ಳುತ್ತಾರೆ. ಇಲ್ಲಿಯವರು ಅದನ್ನು ದೇವಭಾತ ಎನ್ನುತ್ತಾರೆ. ಅಲ್ಲಿಂದ ಎರಡು ಹಿಡಿ ತಂದು ಮಾಳಿಗೆಯ ಮೇಲಿದ್ದ ಹಳೆಯ ತಗಡಿನ ತೊಟ್ಟಿಗೆ ಕೆಸರು ತುಂಬಿ ಬಿತ್ತಿದಳು. ದೀಪಾವಳಿಯ ಹೊತ್ತಿಗೆ ತೆನೆ ಹಿಡಿದು ಅಲ್ಲಾಡಿಸಿ, ಎಲ್ಲ ಉದುರಿದ ಮೇಲೂ ಅಂಟಿಕೊಂಡಿದ್ದ ಕಾಳನ್ನಷ್ಟೇ ಬೀಜಕ್ಕೆ ಇಟ್ಟಳು. ಮೊದಲ ವರ್ಷ ಸಿಕ್ಕಿದ್ದು ಹನ್ನೊಂದು ಕಾಳು. ಇದೇನು ಮನೆಯಲ್ಲಿ ಮಾಡುವ ಕೆಲಸವೇ ಎಂದು ಕಚೇರಿಯ ಸಾಹೇಬರು ನಕ್ಕರು: "ಬಾಯೀ, ಯೇ ಘರ್ ಕಾ ಕಾಮ್ ಹೈ ಕ್ಯಾ?" ಆರು ಮಳೆಗಾಲ ಕಳೆದವು. ಆರನೆಯ ವರ್ಷ ಒಂದು ಹಾಲಿನ ಪುಡಿಯ ಡಬ್ಬಿಯ ಅರ್ಧದಷ್ಟು ಕಾಳು, ಅಲ್ಲಾಡಿಸಿದರೂ ಉದುರದ ತೆನೆಗಳದು. ಆ ಕೆರೆಯ ಅಕ್ಕಪಕ್ಕದ ಹೊಲದ ಭತ್ತ ಎಂದೋ ಬೆರೆತಿರಬಹುದೆಂದು ಸಾಹೇಬರು ಅನುಮಾನಪಟ್ಟರೂ ಈ ಸಲ ನಗಲಿಲ್ಲ. ಬರುವ ಮಳೆ ಬಿಟ್ಟು ಅದರ ಮುಂದಿನ ಮಳೆಗೆ ಕಚೇರಿಯ ಹಿತ್ತಲಲ್ಲಿ ಒಂದು ಮಡಿ ಕೊಡುತ್ತೇನೆ, ಸರಿಯಾಗಿ ಬಿತ್ತಿ ನೋಡೋಣ ಎಂದರು. ಅಷ್ಟರಲ್ಲಿ ತೊಟ್ಟಿಯ ತಳ ತುಕ್ಕು ಹಿಡಿದು ಸೋರತೊಡಗಿತ್ತು. ಕೆಸರನ್ನು ನಮ್ಮ ಮನೆಯ ಹಿತ್ತಲ ಮೋರಿಯ ಬದಿಗೆ ಸುರಿದು, ನಡುವಿನ ಆ ವರ್ಷ ಏನೂ ಬಿತ್ತದೆ, ಅಷ್ಟೂ ಕಾಳನ್ನು ಡಬ್ಬಿಯಲ್ಲಿಟ್ಟಳು. ಮೇಲೆ ಚೀಟಿ ಅಂಟಿಸಿದಳು: "ಬೀಜ. ಮುಟ್ಟಬೇಡ."

ಆ ಭಾದ್ರಪದದಲ್ಲಿ ಋಷಿಪಂಚಮಿ ಬಂತು. ಅವ್ವ ಬಿಡದೆ ಮಾಡುತ್ತಿದ್ದ ವ್ರತ. ಆ ದಿನ ಎತ್ತು ಉಳುಮೆ ಮಾಡಿದ ನೆಲದ ಕಾಳು ಬಾಯಿಗೆ ಹಾಕುವಂತಿಲ್ಲ, ತಾನಾಗಿ ಬೆಳೆದದ್ದೋ ಕೈಯಿಂದ ನೆಟ್ಟದ್ದೋ ಆಗಬೇಕು. ಅಕ್ಕನಿಗೆ ಇದೆಂದರೆ ಖುಷಿ. "ಅವ್ವಾ, ವರ್ಷಕ್ಕ ಒಂದು ದಿನ ನೀ ಒಕ್ಕಲುತನ ಇರಲಾರದ ಕಾಲಕ್ಕ ಹೋಗಿ ಬರ್ತಿ ನೋಡು," ಎಂದು ಚುಡಾಯಿಸುವಳು. ಅವ್ವ, "ನಿನ್ನ ಇದ್ದಲೀ ಪುರಾಣ ಸಾಕು, ದೇವಭಾತ ತರಸು," ಎನ್ನುವರು.

ತರುವುದು ನನ್ನ ಪಾಲಿನ ಕೆಲಸ. ಅವ್ವ ಎಂಟು ದಿನದಿಂದ ಹೇಳುತ್ತಿದ್ದರು. ನಾಳೆ ನಾಳೆ ಎಂದು ತಳ್ಳಿದೆ. ಪಂಚಮಿಯ ಮುಂಜಾನೆ ಅಕ್ಕ ಕಚೇರಿಗೆ ಹೋದ ಮೇಲೆ ಪೇಟೆಗೆ ಓಡಿದೆ. ಮಾರುವ ಹೆಂಗಸು ಹಿಂದಿನ ದಿನವೇ ಮಾಲು ಮುಗಿಸಿ ಹೋಗಿದ್ದಳು. ಬರಿಗೈಯಲ್ಲಿ ಬಂದು ನೋಡಿದರೆ ಅವ್ವ ಪೂಜೆ ಮುಗಿಸಿ, ಏದುಸಿರು ಬಿಡುತ್ತ ಗೋಡೆಗೊರಗಿ ಕೂತಿದ್ದರು. "ಸಿಕ್ತೇನು?"

"ಸಿಕ್ತವ್ವಾ," ಎಂದೆ.

ಅಕ್ಕನ ಡಬ್ಬಿ ಇದ್ದ ಕಪಾಟಿನ ಮುಂದೆ ಬಹಳ ಹೊತ್ತು ನಿಂತೆ. ಚೀಟಿ ಓದಿದೆ. ಎರಡು ಸಲ ಓದಿದೆ. ಅವ್ವ ಹಸಿದಿದ್ದರು ಎಂಬುದು ನಿಜ. ಆದರೆ ಅಷ್ಟೇ ಎಂದು ಬರೆದರೆ ಈ ಕಾಗದ ಹಾಳು ಮಾಡಿದಂತೆ. ಮನೆಯ ಪಾತ್ರೆ, ಮುಸುರೆ, ಅವ್ವನ ಉಗುಳುಬಟ್ಟಲು ಎಲ್ಲವನ್ನೂ ನಾನು ಮುಟ್ಟಬೇಕು, ಇದೊಂದನ್ನು ಮುಟ್ಟಬಾರದು ಎಂದು ಸಿಟ್ಟು ಬಂತು. ಒರಳಿಗೆ ಸುರಿದು ಕುಟ್ಟಿದೆ, ಕೇರಿದೆ, ಅನ್ನ ಮಾಡಿದೆ. ಅವ್ವ ಒಬ್ಬರಿಗೆ ಎರಡು ಮುಷ್ಟಿ ಸಾಕಾಗಿತ್ತು. ಉಳಿದದ್ದನ್ನು ಡಬ್ಬಿಯಲ್ಲಿ ಬಿಡಬಹುದಿತ್ತು. ಕಡೆಗೆ ಒಂದು ಹಿಡಿಯಾದರೂ. ಬಿಡಲಿಲ್ಲ. ಡಬ್ಬಿಯನ್ನು ತೊಳೆದು ಬೋರಲು ಹಾಕಿದೆ. ಚೀಟಿ ನೀರಿನಲ್ಲಿ ಕರಗಿ ಹೋಯಿತು.

ಸಂಜೆ ಅಕ್ಕ ಬಂದೊಡನೆ ಅವ್ವ, "ಈ ಸಲದ್ದು ಭಾಳ ಚೊಲೋ ಇತ್ತವಾ, ಕಲ್ಲೂ ಇಲ್ಲ, ಹೊಟ್ಟೂ ಇಲ್ಲ," ಎಂದರು. ಅಕ್ಕನ ಕಣ್ಣು ಬೋರಲು ಬಿದ್ದ ಡಬ್ಬಿಯ ಮೇಲೆ ಹೋಯಿತು. ಅದನ್ನು ಎತ್ತಿ ಒಳಗೆ ನೋಡಿದಳು.

"ಇದರ ಮ್ಯಾಲೆ ಚೀಟಿ ಇತ್ತಲ್ಲ?"

"ನನಗ ಕನ್ನಡ ಎಲ್ಲಿ ಓದಲಿಕ್ಕೆ ಬರ್ತದಕ್ಕಾ? ನೀ ಕಲಿಸಿದ್ದೆಲ್ಲಾ ಮರತು ಹೋಗೇದ."

"ಎಲ್ಲಾ?"

"ಎಲ್ಲಾ."

ಅವಳು ಡಬ್ಬಿಯನ್ನು ಮತ್ತೆ ಬೋರಲು ಹಾಕಿದಳು. ಆಮೇಲೆ ಕೇಳಿದ್ದು ಇಷ್ಟೇ: "ಅವ್ವಗ ಸೇರ್ತೇನು?"

"ಸೇರ್ತು."

"ಹೋಗ್ಲಿ ಬಿಡು. ಕಾಳು ಇರೂದ ತಿನ್ನಲಿಕ್ಕೆ. ಕಲಿಸಿದಾಕಿದ ತಪ್ಪು, ಗಟ್ಟಿ ಆಗೂತನಕ ಕಲಿಸಬೇಕಿತ್ತು."

ಬೈದಿದ್ದರೆ ಅಳುತ್ತಿದ್ದೆ, ಅತ್ತಿದ್ದರೆ ನಿಜ ಹೇಳುತ್ತಿದ್ದೆ. ಮರುದಿನ ಸಂಜೆ ಅವಳು ಲೋಟದಲ್ಲಿ ನೀರು ಹಿಡಿದು ಫರಸಿಯ ಮೇಲೆ ಕೂತಳು. "ಬಾ ಇಲ್ಲೆ. ಅ ದಿಂದ ಸುರು ಮಾಡೋಣು." ಮೂವತ್ತು ದಾಟಿದ ನಾನು, ಬರುವ ಅಕ್ಷರಗಳನ್ನು ಬಾರದವಳಂತೆ ತೊದಲುತ್ತ, ಬೇಕೆಂದೇ ತಪ್ಪುತ್ತ, ನವರಾತ್ರಿಯವರೆಗೂ ಕಲಿತೆ. ಅವಳು ಒಂದು ದಿನವೂ ಗದರಲಿಲ್ಲ. ಕಡೆಯ ದಿನ ಬರೆದದ್ದು ಒಂದೇ ಪದ: ಬೀಜ. ಬರೆದು ಅದರತ್ತ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಶ್ವಿನದ ತಂಪಿಗೆ ನೀರು ಬೇಗ ಆರುವುದಿಲ್ಲ. ಓದುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ನಾನು ಅದು ಪೂರ್ತಿ ಆರುವ ತನಕ ಬಾಯಿ ತೆರೆಯಲಿಲ್ಲ. ಅವಳು ಬ್ರಶ್ಶನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದಳು.

ಸಾಹೇಬರಿಗೆ ಏನು ಹೇಳಿದಳೋ ಗೊತ್ತಿಲ್ಲ. ಕಚೇರಿಯ ಹಿತ್ತಲ ಮಡಿಯಲ್ಲಿ ಅವರು ಗುಲಾಬಿ ಹಾಕಿಸಿದರಂತೆ. ಅಕ್ಕ ಮತ್ತೆ ಬಿತ್ತಲಿಲ್ಲ. "ಇನ್ನ ಆರು ವರ್ಷ ಯಾರು ಕಾಯ್ಬೇಕು," ಎಂದು ನಕ್ಕಳು. ಆರಿಸುವ ಕೆಲಸವನ್ನು ಮಾತ್ರ ಬಿಡಲಿಲ್ಲ.

ಅವ್ವ ಹೋದರು. ಆಮೇಲೆ ಕೆಲವೇ ವರ್ಷಕ್ಕೆ ಅಕ್ಕನಿಗೆ ಸಕ್ಕರೆ ಕಾಯಿಲೆ ಏರಿ ಕಣ್ಣು ಮಂಜಾದವು. ಕಾಳಿನ ಹೊಕ್ಕುಳು ಕಾಣುತ್ತಿದ್ದ ಕಣ್ಣಿಗೆ ನನ್ನ ಮುಖ ಕಾಣದಾಯಿತು. ಮಲಗಿದಲ್ಲಿಂದ ಕನ್ನಡ ಪತ್ರಿಕೆ ಓದಿಸಿಕೊಳ್ಳುವಳು. ನಮ್ಮ ಕಡೆಯವರು ಯಾರಾದರೂ ರೈಲಿನಲ್ಲಿ ತಂದುಕೊಟ್ಟ ವಾರದ ಹಿಂದಿನ ಹಾಳೆಗಳು. ಒಂದು ಮಧ್ಯಾಹ್ನ ಎಡವದೆ ಪುಟವಿಡೀ ಓದಿ ಮುಗಿಸಿದೆ. ಅವಳು ಕೈ ಚಾಚಿ ನನ್ನ ಮೊಣಕೈ ತಡವಿದಳು.

"ಚೊಲೋ ಓದ್ತಿ. ಮೊದಲಿಂದನೂ ಚೊಲೋನ ಓದ್ತಿದ್ದಿ."

ಕೈ ಅಲ್ಲಿಯೇ ಇತ್ತು. ಅವಳು ಕಾದಳು. ನನಗೆ ಗೊತ್ತು, ಅವಳು ಕಾಯುತ್ತಿದ್ದಳು. "ನೀರು ಬೇಕೇನಕ್ಕಾ?" ಎಂದು ಕೇಳಿದೆ.

"ಬ್ಯಾಡ," ಎಂದಳು.

ಅದಾದ ಒಂಬತ್ತನೆಯ ದಿನಕ್ಕೆ ಹೋದಳು. ಸ್ನಾನ ಮಾಡಿಸುವಾಗ ನೋಡಿದೆ, ಬೆರಳುಗಳು ಬೆಳ್ಳಗಾಗಿದ್ದವು. ಬ್ರಶ್ಶು ಅವಳ ದಿಂಬಿನ ಕೆಳಗಿತ್ತು.

ಪ್ರತಿ ಮಳೆಗಾಲ ಮೋರಿಯ ಬದಿಯಲ್ಲಿ ದೇವಭಾತ ತಾನಾಗಿ ಹುಟ್ಟುತ್ತದೆ. ಅವಳು ಅಲ್ಲಾಡಿಸಿದಾಗ ಕೆಸರಿಗೆ ಉದುರಿದ್ದು, ಬೇಡವೆಂದು ಬಿಟ್ಟದ್ದು. ತೆನೆ ಬಂದಾಗ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ಎಲ್ಲವೂ ಉದುರುತ್ತದೆ. ಒಂದಾದರೂ ಅಂಟಿಕೊಂಡಿರಲಿ ಎಂದು ಪ್ರತಿ ವರ್ಷ ನೋಡುತ್ತೇನೆ.

ಫರಸಿಯ ಮೇಲೆ ಬ್ರಶ್ಶಿನಿಂದ ಇದನ್ನು ಎಷ್ಟೋ ಸಲ ಬರೆದೆ. ಬರೆದಷ್ಟೂ ಆರಿಹೋಯಿತು. ಅದಕ್ಕೇ ಈಗ ಕಾಗದದ ಮೇಲೆ ಬರೆದಿದ್ದೇನೆ, ನೀನು ಕಲಿಸಿದ ಅಕ್ಷರದಲ್ಲಿಯೇ. ಅಕ್ಕಾ, ಆ ಚೀಟಿ ನಾ ಓದಿದ್ದೆ.